ಆರ್‌ಸಿಯಲ್ಲಿ ‘ಇಂಪೋರ್ಟೆಡ್’ ಅಂತ ಉಂಟು, ಅದಕ್ಕೇ 40,000! ಹಳೇ ಜಪಾನ್ ಸೆಡಾನು ಇಟ್ಕೊಳ್ಳುದಾ, ಕೊಡುದಾ?

ಸುರತ್ಕಲ್ ಸವಾರ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಚಾ ಹಿಡ್ಕೊಂಡು ಓದಿ.

ನನ್ನ ಹತ್ರ ಒಂದು ಜಪಾನಿನ ದೊಡ್ಡ ಸೆಡಾನು ಉಂಟು. 2.4 ಲೀಟರ್ ಪೆಟ್ರೋಲ್, ಆಟೋಮ್ಯಾಟಿಕ್, ಅಲ್ಲಿಂದ್ಲೇ ಇಡೀ ಗಾಡಿಯಾಗಿ ಹಡಗಲ್ಲಿ ಬಂದದ್ದು. ಮಾಡೆಲ್ ಹೆಸರು ಹಾಕುದಿಲ್ಲ ಮಾರಾಯ್ರೆ, ಸುರತ್ಕಲ್ಲಿಂದ ಮೂಲ್ಕಿವರೆಗೆ ಇಂಥದ್ದು ಇರುದೇ ಒಂದು, ಹೆಸರು ಹಾಕಿದ್ರೆ ನಾಳೆ ಮೀನು ಮಾರ್ಕೆಟಲ್ಲಿ ನಿಲ್ಲಿಸಿ ಕೇಳ್ತಾರೆ. 2011 ಮಾರ್ಚಿನ ರಿಜಿಸ್ಟ್ರೇಷನ್. ನಾನು 2017ರಲ್ಲಿ ಕದ್ರಿಯ ಒಬ್ರು ಡಾಕ್ಟ್ರ ಕೈಯಿಂದ ತಗೊಂಡದ್ದು, ಆಗ 62,000 ಕಿ.ಮೀ. ಆಗಿತ್ತು, ಐದೂಕಾಲು ಲಕ್ಷ ಕೊಟ್ಟೆ. ಹೊಸತಿರುವಾಗ ಇಪ್ಪತ್ತು ಲಕ್ಷದ ಮೇಲಿದ್ದ ಗಾಡಿ, ಲಾಟ್ರಿ ಹೊಡ್ದ ಹಾಗೆ ಅಂತ ಖುಷಿಯಲ್ಲಿ ಮನೆಗೆ ತಂದದ್ದು. ಈಗ 1,38,000 ಆಗಿದೆ.

ಓಡ್ಲಿಕ್ಕೆ ಈಗ್ಲೂ ಭಾರೀ ಚೆಂದ. ಹೆಜಮಾಡಿ ಟೋಲ್ ದಾಟಿ ಒಮ್ಮೆ ಕಾಲು ಒತ್ತಿದ್ರೆ ಉಡುಪಿವರೆಗೆ ಹೋದದ್ದೇ ಗೊತ್ತಾಗುದಿಲ್ಲ, ಅಮ್ಮ ಹಿಂದೆ ಕೂತು ಪಡುಬಿದ್ರಿ ಬರುವ ಮೊದ್ಲೇ ನಿದ್ದೆ. ಆದ್ರೆ ಎರಡು ವರ್ಷದಿಂದ ಒಂದಲ್ಲ ಒಂದು ರಗಳೆ. ಇಂಜಿನ್ ಆಯಿಲ್ ಕುಡಿತದೆ, 1,100 ಕಿ.ಮೀ.ಗೆ ಹತ್ರ ಹತ್ರ ಒಂದು ಲೀಟರ್. ಸಿಗ್ನಲಲ್ಲಿ ‘ಡಿ’ ಗೇರಲ್ಲಿ ನಿಲ್ಲಿಸಿದ್ರೆ ಸ್ಟೇರಿಂಗ್ ಗಡಗಡ ನಡುಗ್ತದೆ, ಇಂಜಿನ್ ಹಿಡ್ಕೊಳ್ಳುವ ರಬ್ಬರ್ ಮೌಂಟ್ ಹೋಗಿದೆ ಅಂತ ಹೇಳ್ತಾರೆ. ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿಟ್ರೆ ಅಂಟಂಟು, ಹಲಸಿನ ಮೇಣ ಮುಟ್ಟಿದ ಹಾಗೆ ಬೆರಳಿಗೆ ಹಿಡಿತದೆ. ಎಡ ಹೆಡ್‌ಲೈಟ್ ಒಳಗೆ ಮಳೆಗಾಲದಲ್ಲಿ ನೀರು, ಬೇಸಗೆಯಲ್ಲಿ ಆವಿ.

ಇದೆಲ್ಲ ಆದ್ರೂ ತಡ್ಕೊಳ್ತಿದ್ದೆ. ಬರುವ ಮಾರ್ಚಿಗೆ 15 ವರ್ಷ ಭರ್ತಿ, ಆರ್‌ಸಿ ರಿನೀವಲ್ ಎಷ್ಟು ಅಂತ ನೋಡಿದ್ರೆ 40,000 ತೋರಿಸ್ತಾ ಉಂಟು! ಪಕ್ಕದ ಮನೆಯವ್ರ ಅದೇ ವರ್ಷದ ಕಾರಿಗೆ 5,000. ಗಾಡಿ ವ್ಯಾಪಾರದವ್ರು ಒಬ್ರು 1.4 ಲಕ್ಷಕ್ಕೆ ಕೇಳ್ತಿದ್ದಾರೆ. ಮನೆಯಲ್ಲಿ ಹೆಂಡ್ತಿ ಹೇಳುದು, ಅದಕ್ಕೆ ಹಾಕಿದ ದುಡ್ಡಲ್ಲಿ ನಂಗೆ ಒಂದು ಸ್ಕೂಟರ್ ಬರ್ತಿತ್ತು ಅಂತ. ಸುಳ್ಳಲ್ಲ. ಏನು ಮಾಡುದು ಹೇಳಿ.

ಬಿಜೈ ಬಾಯ್:
ಕೊಟ್ಟುಬಿಡಿ ಅಣ್ಣ. 15 ವರ್ಷ ಆದ್ಮೇಲೆ ಓಡಿಸ್ಲಿಕ್ಕೇ ಬಿಡುದಿಲ್ಲ ಅಲ್ವಾ, ಸೀದಾ ಗುಜರಿಗೆ ಅಂತ ಓದಿದ್ದೆ.

ಕಾಪು ಲೈಟ್‌ಹೌಸ್:
ಅದು ದೆಹಲಿ ಕಥೆ ತಮ್ಮ, ಅಲ್ಲಿ ಪೆಟ್ರೋಲಿಗೆ 15, ಡೀಸೆಲಿಗೆ 10 ಅಂತ ಬೇರೆಯೇ ಗಲಾಟೆ. ನಮ್ಮಲ್ಲಿ ಗಾಡಿ ಫಿಟ್ ಇದ್ರೆ ಐದೈದು ವರ್ಷಕ್ಕೆ ರಿನೀವಲ್ ಮಾಡಿ ಓಡಿಸ್ಬಹುದು. ನನ್ನ ಅಪ್ಪನ 1998ರ ಕಾರು ಈಗ್ಲೂ ಕಟಪಾಡಿ ಪೇಟೆಗೆ ಹೋಗಿ ಬರ್ತದೆ.

ಸವಾರರೆ, ಆ 40,000 ತಪ್ಪಾಗಿ ತೋರಿಸ್ತಿರುದಲ್ಲ. 2022 ಏಪ್ರಿಲ್ 1ರಿಂದ ಹೊಸ ದರ ಬಂತು, 15 ವರ್ಷ ಆದ ಮಾಮೂಲಿ ಕಾರಿಗೆ 600 ಇದ್ದದ್ದು 5,000 ಆಯ್ತು, ಇಂಪೋರ್ಟೆಡ್ ಕಾರಿಗೆ 40,000. ತಡ ಮಾಡಿದ್ರೆ ತಿಂಗಳಿಗೆ 500 ದಂಡ ಮೇಲೆ. ಗ್ರೀನ್ ಟ್ಯಾಕ್ಸ್ ಎಲ್ಲ ಇದರ ಮುಂದೆ ಚಿಲ್ಲರೆ. ಆದ್ರೆ ದುಡ್ಡು ಕಟ್ಟುವ ಮೊದ್ಲು ಒಂದು ಕೆಲ್ಸ ಮಾಡಿ, ಚಾಸಿ ನಂಬ್ರದ ಮೊದಲ ಅಕ್ಷರ ನೋಡಿ ಹೇಳಿ.

ಸುರತ್ಕಲ್ ಸವಾರ:
ಆರ್‌ಸಿ ನೋಡಿದ್ರೆ ಆಗುದಿಲ್ವಾ?

ಕಾಪು ಲೈಟ್‌ಹೌಸ್:
ಆರ್‌ಸಿಯಲ್ಲೂ ಇರ್ತದೆ, ಆದ್ರೆ ಗಾಡಿಯಲ್ಲೇ ನೋಡಿ, ಎರಡೂ ಒಂದೇ ಉಂಟಾ ಅಂತ ಸಹ ಗೊತ್ತಾಗ್ತದೆ. ನಾಳೆ ಫಿಟ್‌ನೆಸ್‌ಗೆ ಹೋದಾಗ ಅಲ್ಲಿಯೂ ಅದನ್ನೇ ನೋಡುದು. ಬಾನೆಟ್ ತೆಗ್ದು ಎಂಜಿನ್ ಹಿಂದಿನ ಗೋಡೆಯಲ್ಲಿ ಒತ್ತಿರ್ತಾರೆ, ಇಲ್ಲದಿದ್ರೆ ಡ್ರೈವರ್ ಬಾಗಿಲಿನ ಕಂಬದಲ್ಲಿ ಪ್ಲೇಟು.

ಸುರತ್ಕಲ್ ಸವಾರ:
ನೋಡಿದೆ. ಧೂಳು, ಗ್ರೀಸು, ಹಲ್ಲುಜ್ಜುವ ಹಳೇ ಬ್ರಶ್ಶಲ್ಲಿ ಸೀಮೆಎಣ್ಣೆ ಹಾಕಿ ತಿಕ್ಕಿದ ಮೇಲೆ ಕಂಡಿತು. ‘ಜೆ’.

ಕಾಪು ಲೈಟ್‌ಹೌಸ್:
ಹಾಗಾದ್ರೆ ಮುಗೀತು. ಜೆ ಅಂದ್ರೆ ಜಪಾನಲ್ಲೇ ತಯಾರಾದದ್ದು. ಇಲ್ಲಿ ತಯಾರಾದದ್ದಾದ್ರೆ ‘ಎಂ’ನಿಂದ ಶುರು ಆಗ್ತದೆ. ನಾನು ಯಾಕೆ ಕೇಳಿದ್ದು ಅಂದ್ರೆ ಎಷ್ಟೋ ಜನ ಜಪಾನ್ ಬ್ಯಾಡ್ಜ್ ಕಂಡು ಇಂಪೋರ್ಟೆಡ್ ಅಂತ ಅಂದ್ಕೊಳ್ತಾರೆ. ಹೆಚ್ಚಿನ ಹೋಂಡಾ ಅಕಾರ್ಡ್ ಗ್ರೇಟರ್ ನೋಯ್ಡಾದಲ್ಲಿ ಜೋಡಿಸಿದ್ದು, ಟೊಯೊಟಾ ಕ್ಯಾಮ್ರಿ ಮೊದ್ಲು ಇಡೀ ಗಾಡಿಯಾಗಿ ಬರ್ತಿತ್ತು, ಆಮೇಲೆ ಬಿಡದಿಯಲ್ಲೇ ಜೋಡಣೆ. ನಿಸ್ಸಾನ್ ಟಿಯಾನಾ, ಸುಝುಕಿ ಕಿಝಾಶಿ ಇಂಥವು ಹೊರಗಿಂದ್ಲೇ ಬಂದವು. ಬೋರ್ಡಲ್ಲಿ ಎಲ್ಲವೂ ಜಪಾನೇ, ಫೀಸಲ್ಲಿ ಒಂದಕ್ಕೆ 5,000, ಇನ್ನೊಂದಕ್ಕೆ 40,000.

ಮಣಿಪಾಲ ಮೇಷ್ಟ್ರು:
ನನ್ನದು ‘ಎಂ’. ಆದ್ರೂ ರೆಕಾರ್ಡಲ್ಲಿ ಇಂಪೋರ್ಟೆಡ್ ಅಂತ ಬಿದ್ದಿತ್ತು, ಯಾರೋ ಹಿಂದೆ ಎಂಟ್ರಿ ಮಾಡುವಾಗ ತಪ್ಪಾಗಿರ್ಬೇಕು. ಇನ್‌ವಾಯ್ಸು, ಚಾಸಿ ಪ್ಲೇಟಿನ ಫೋಟೋ ಎಲ್ಲ ಹಿಡ್ಕೊಂಡು ಮೂರು ಸಲ ಹೋಗಿ ಸರಿ ಮಾಡಿಸಿದೆ. ಮೂರು ಅರ್ಧ ದಿನ ರಜೆ ಹೋಯ್ತು, 35,000 ಉಳೀತು. ಎಂ ಇದ್ದು ಗಾಡಿ ಇಲ್ಲೇ ತಯಾರಾದದ್ದಾದ್ರೆ ಸುಮ್ಮನೆ ಕಟ್ಬೇಡಿ.

ಬೈಕಂಪಾಡಿ ಬೋಲ್ಟು:
ನಾನು ಒಂದು ಕಾಲದಲ್ಲಿ ಇದೇ ಕೆಲ್ಸದಲ್ಲಿ ಇದ್ದವ ಹಾಗಾಗಿ ಹೇಳ್ತೇನೆ, ಆಯಿಲ್ ಕುಡಿತದೆ ಅಂದಕೂಡ್ಲೇ ಇಂಜಿನ್ ಬಿಚ್ಚಿಸ್ಬೇಡಿ. ಮೊದ್ಲು ಪಿಸಿವಿ ವಾಲ್ವ್ ನೋಡಿ, ಇಂಜಿನ್ ಒಳಗಿನ ಆವಿ ಹೊರಗೆ ಬಿಡುವ ಸಣ್ಣ ಸಾಮಾನು, ಅದು ಜಾಮ್ ಆದ್ರೆ ಇಂಜಿನ್ ಒಳಗಿನ ಗಾಳಿ ಸರಿ ಹೋಗದೆ ಆಯಿಲ್ ಆವಿಯನ್ನೂ ಎಳ್ಕೊಂಡು ಸುಡ್ತದೆ, ಕೈಯಲ್ಲಿ ಹಿಡ್ದು ಅಲ್ಲಾಡಿಸಿದ್ರೆ ಟಿಕಟಿಕ ಶಬ್ದ ಬರ್ಬೇಕು ಬರ್ಲಿಲ್ಲಂದ್ರೆ ಬದಲ್ಸಿ. ವಾಲ್ವ್ ಕವರ್ ಗ್ಯಾಸ್ಕೆಟ್ ಹೊರಗೆ ಒಸರ್ತದಾ ನೋಡಿ. ಎರಡೂ ಸರಿ ಇದ್ರೆ ಮಾತ್ರ ಪಿಸ್ಟನಿನ ಆಯಿಲ್ ರಿಂಗಿಗೆ ಬರುದು, ಅದ್ರ ಹಿಂದಿನ ಸಣ್ಣ ಸಣ್ಣ ತೂತಿಗೆ ಕಾರ್ಬನ್ ಕಟ್ಟಿ ರಿಂಗ್ ಅಂಟಿ ನಿಲ್ತದೆ, ಆಗ ಆಯಿಲ್ ಗೋಡೆಯಿಂದ ಒರೆಸ್ಲಿಕ್ಕೆ ಆಗುದಿಲ್ಲ. ಅದಕ್ಕೆ ಇಂಜಿನ್ ಇಳಿಸ್ಬೇಕು, ಖರ್ಚು ಗಾಡಿಯ ಅರ್ಧ ರೇಟು. 1,100ಕ್ಕೆ ಒಂದು ಲೀಟರ್ ಅಂದ್ರೆ ನಾನಾದ್ರೆ ಇಳಿಸುದಿಲ್ಲ, ಡಿಕ್ಕಿಯಲ್ಲಿ ಒಂದು ಕ್ಯಾನು ಇಟ್ಕೊಂಡು 500ಕ್ಕೊಮ್ಮೆ ಕಡ್ಡಿ ನೋಡ್ತೇನೆ. ಆಯಿಲ್ ಕುಡಿದು ಯಾವ ಇಂಜಿನೂ ಹಾಳಾಗುದಿಲ್ಲ, ಕಡ್ಡಿ ನೋಡದೆ ಹಾಳಾಗುದು.

ಇನ್ನೊಂದು, ರೇಡಿಯೇಟರ್ ಯಾವಾಗ ಬದಲ್ಸಿದ್ದು? ಆಟೋಮ್ಯಾಟಿಕಲ್ಲಿ ಗೇರ್ ಆಯಿಲಿನ ಕೂಲರ್ ರೇಡಿಯೇಟರಿನ ಒಳಗೇ ಇರ್ತದೆ. ಅದು ಒಳಗೆ ತೂತಾದ್ರೆ ಕೂಲೆಂಟೂ ಗೇರ್ ಆಯಿಲೂ ಬೆರ್ತು ಗುಲಾಬಿ ಹಾಲಿನ ಹಾಗೆ ಆಗ್ತದೆ, ಮತ್ತೆ ಗೇರ್‌ಬಾಕ್ಸ್ ಕಥೆ ಕೈಲಾಸ. 15 ವರ್ಷದ ಮೂಲ ರೇಡಿಯೇಟರ್ ಆದ್ರೆ ಕಾಯ್ಬೇಡಿ.

ಸುರತ್ಕಲ್ ಸವಾರ:
ರೇಡಿಯೇಟರ್ ಮೂಲದ್ದೇ ಅಣ್ಣ. ಈಗ ಹೆದರಿಕೆ ಆಗ್ತಾ ಉಂಟು.

ಮಣಿಪಾಲ ಮೇಷ್ಟ್ರು:
ಗೇರ್‌ಬಾಕ್ಸ್ ಅಂದದ್ದಕ್ಕೆ ನನ್ನದೂ ಒಂದು. ಈಗಿನದ್ದಲ್ಲ, ಮೊದ್ಲು ಇದ್ದದ್ದು, ಸಿವಿಟಿ, ಅಂದ್ರೆ ಗೇರಿನ ಬದ್ಲು ಬೆಲ್ಟಲ್ಲಿ ಓಡುವ ಆಟೋಮ್ಯಾಟಿಕ್. ಒಂದು ಏಪ್ರಿಲಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಫುಲ್ಲು, ಆಗುಂಬೆ ಹತ್ತುದು. 14 ತಿರುವಲ್ಲಿ ಒಂಬತ್ತನೆಯದ್ದೋ ಹತ್ತನೆಯದ್ದೋ ಇರ್ಬೇಕು, ಗಾಡಿ ಇದ್ದಕ್ಕಿದ್ದ ಹಾಗೆ ಎಳೆಯುದೇ ನಿಲ್ಲಿಸಿತು, ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಎತ್ತಿನ ಗಾಡಿ. ಹಿಂದೆ ಮಿನಿ ಬಸ್ಸಿನವ ಹಾರ್ನ್ ಮೇಲೆ ಹಾರ್ನ್. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಮಂಗಗಳಿಗೆ ಬಾಳೆಹಣ್ಣು ಕೊಡದೆ ಕಾದು ಕೂತದ್ದು, ತಣ್ಣಗಾದ ಮೇಲೆ ಏನೂ ಆಗದವ್ರ ಹಾಗೆ ಹೊರಟಿತು. ಫ್ಲೂಯಿಡ್ ಬಿಸಿ ಆದ್ರೆ ತನ್ನನ್ನು ಉಳಿಸ್ಲಿಕ್ಕೆ ಅದೇ ಶಕ್ತಿ ಕಡಿಮೆ ಮಾಡ್ಕೊಳ್ತದಂತೆ. ‘ಲೈಫ್‌ಟೈಮ್ ಫ್ಲೂಯಿಡ್, ಬದಲ್ಸುದು ಬೇಡ’ ಅಂತ ಯಾರೋ ಹೇಳಿದ್ದನ್ನು ನಂಬಿ 90,000 ಓಡಿಸಿದ್ದೆ. ಯಾರ ಲೈಫ್ ಅಂತ ಕೇಳ್ಬೇಕಿತ್ತು. ನಿಮ್ಮದು ಮಾಮೂಲಿ ಆಟೋಮ್ಯಾಟಿಕ್ ಆದ್ರೂ ಆಯಿಲ್ ಬದಲ್ಸಿ.

ದೇರಳಕಟ್ಟೆ ಟು ದೇರಾ:
ಅಸ್ಸಲಾಮು ಅಲೈಕುಂ, ನಮಸ್ಕಾರ. ಸಾಮಾನು ವಿಷಯ ನಾನು ಹೇಳ್ತೇನೆ, ಹದಿನೆಂಟು ವರ್ಷ ದುಬೈಯಲ್ಲಿ ಇದ್ದವ. ನಿಮ್ಮ ಮೌಂಟ್ ಇಲ್ಲಿ ಆರ್ಡರ್ ಹಾಕಿದ್ರೆ ರೇಟು ಕೇಳಿ ತಲೆ ತಿರುಗ್ತದೆ, ಬರ್ಲಿಕ್ಕೆ ಎಷ್ಟು ದಿನ ಅಂತ ಕೇಳಿದ್ರೆ ಅವ್ರಿಗೂ ಗೊತ್ತಿಲ್ಲ. ಶಾರ್ಜಾದ ಹಳೇ ಸಾಮಾನಿನ ಏರಿಯಾದಲ್ಲಿ ಈ ದೊಡ್ಡ ಜಪಾನ್ ಸೆಡಾನಿನದ್ದು ರಾಶಿ ರಾಶಿ, ಅಲ್ಲಿ ಅದೇ ಟ್ಯಾಕ್ಸಿ ಅಲ್ವಾ. ಮೌಂಟು, ಸೆನ್ಸರು, ಇಗ್ನಿಷನ್ ಕಾಯಿಲು, ವಾಟರ್ ಪಂಪು ಎಲ್ಲ ಲಗ್ಗೇಜಲ್ಲಿ ಬರ್ತದೆ.

ಆದ್ರೆ ಒಂದು ಮರೀಬೇಡಿ ಕಾಕ, ಅಲ್ಲಿಯದ್ದು ಲೆಫ್ಟ್ ಹ್ಯಾಂಡ್. ಸ್ಟೇರಿಂಗ್ ರ್‍ಯಾಕ್, ಡ್ಯಾಶ್‌ಬೋರ್ಡು, ವೈಪರ್ ಲಿಂಕು, ಬ್ರೇಕ್ ಬೂಸ್ಟರ್ ಹತ್ರದ ಪೈಪು, ಇವೆಲ್ಲ ಸೇರುದಿಲ್ಲ. ಹೆಡ್‌ಲೈಟ್ ಕೂರ್ತದೆ, ನೋಡ್ಲಿಕ್ಕೆ ಒಂದೇ ಹಾಗೆ, ಹಾಕಿದ್ರೆ ಬೆಳಕು ರಸ್ತೆಯ ಬಲಕ್ಕೆ ಏರ್ತದೆ, ಎದುರು ಬರುವವ್ನ ಕಣ್ಣಿಗೇ ಹೋಗಿ ಬೀಳ್ತದೆ. ನಾನೇ ಒಬ್ರಿಗೆ ಹೊತ್ಕೊಂಡು ಬಂದು ಪೆಚ್ಚಾದದ್ದುಂಟು. ನಮ್ಮ ಹಾಗೆ ಬಲಕ್ಕೆ ಸ್ಟೇರಿಂಗ್ ಇರುವ ಊರಿಂದ ಬರ್ಬೇಕು, ಥಾಯ್ಲೆಂಡ್, ಆಸ್ಟ್ರೇಲಿಯಾ, ಹಾಗೆ.

ಬೈಕಂಪಾಡಿ ಬೋಲ್ಟು:
ಹೌದು. ಮತ್ತೆ ಚಾಸಿ ನಂಬ್ರ ಹಾಕಿ ಪಾರ್ಟ್ ನಂಬ್ರ ತೆಗೀರಿ, ಕಂಪೆನಿ ಡಬ್ಬಿ ಬಿಟ್ಟು ಒಳಗಿನ ಸಾಮಾನು ಯಾರು ಮಾಡುದು ಅಂತ ನೋಡಿ, ಹೆಚ್ಚಿನದ್ದು ಡೆನ್ಸೊ, ಐಸಿನ್, ಎನ್‌ಜಿಕೆ. ಅದೇ ಸಾಮಾನು ಅವ್ರದ್ದೇ ಡಬ್ಬಿಯಲ್ಲಿ ಕಡಿಮೆಗೆ. ಬೆಂಗ್ಳೂರಲ್ಲಿ ಜೆ.ಸಿ. ರೋಡ್, ಶಿವಾಜಿನಗರ ಗುಜರಿ, ಮದ್ರಾಸಲ್ಲಿ ಪುದುಪೇಟೆ. ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ್ರೆ ಬೆಳಿಗ್ಗೆ ಇಲ್ಲಿ. 2024ರ ಜುಲೈಯಲ್ಲಿ ಸಕಲೇಶಪುರ ಬದಿ ಗುಡ್ಡ ಜರಿದು ಶಿರಾಡಿ ಬಂದ್ ಆದಾಗ ನನ್ನ ಒಂದು ಕಂಡೆನ್ಸರ್ ನಾಲ್ಕು ದಿನ ಹಾಸನದಲ್ಲೇ ಮಲಗಿತ್ತು ಅದು ಬೇರೆ ವಿಷಯ.

ಟಯರ್ ಸೈಜ್ ಎಷ್ಟು? 215/60 ಆರ್16 ಆದ್ರೆ ನೆಕ್ಸಾನಿಗೂ ಅದೇ ಬರ್ತದೆ, ಎಲ್ಲಿಯೂ ಸಿಗ್ತದೆ, ಇಂಪೋರ್ಟೆಡ್ ಅಂತ ಹೆದರಿಸಿ ರೇಟು ಹಾಕಿದ್ರೆ ಎದ್ದು ಬನ್ನಿ.

ಬಿಜೈ ಬಾಯ್:
ವರ್ಷಕ್ಕೆ ಒಟ್ಟು ಎಷ್ಟು ಬೀಳ್ತದೆ ಅಣ್ಣ? ನಂಗೂ ಇಂಥದ್ದೇ ಒಂದರ ಮೇಲೆ ಕಣ್ಣುಂಟು, ಎರಡು ಲಕ್ಷಕ್ಕೆ ಸಿಗ್ತದೆ ಅಂದ್ರೆ ಹೊಸ ಬೈಕಿನ ರೇಟು.

ಸುರತ್ಕಲ್ ಸವಾರ:
ಬರ್ದಿಟ್ಟಿದ್ದೇನೆ, ಹೆಂಡ್ತಿಗೆ ತೋರಿಸ್ಬೇಡಿ. ಕಳೆದ ವರ್ಷ ಓಡಿದ್ದು ಸುಮಾರು 8,000 ಕಿ.ಮೀ. ಪೇಟೆಯಲ್ಲಿ 7, ಹೈವೇಯಲ್ಲಿ 11, ಸರಾಸರಿ 9 ಹಿಡೀರಿ. ಲೀಟರಿಗೆ 102ರ ಲೆಕ್ಕದಲ್ಲಿ ಪೆಟ್ರೋಲೇ 90,000. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ, 1500 ಸಿಸಿ ಮೇಲಿನದ್ದಕ್ಕೆ 7,897, ಜಿಎಸ್‌ಟಿ ಸೇರಿ 9,300 ಚಿಲ್ಲರೆ. ಫುಲ್ ಇನ್ಶೂರೆನ್ಸ್ ಕೇಳಿದ್ದೆ, ಬಂಪರು, ರಬ್ಬರಿಗೆಲ್ಲ ಅರ್ಧ ನಾನೇ ಕೊಡ್ಬೇಕು ಅಂದ್ರು, ಬಿಟ್ಟೆ. ಎರಡು ಸರ್ವಿಸ್ 14,000. ಮೇಲಿಂದ ಹಾಕಿದ ಆಯಿಲ್ ಏಳು ಲೀಟರ್, 3,600. ಎಸಿ ಕಂಡೆನ್ಸರ್ ಉಪ್ಪು ಗಾಳಿಗೆ ಜಾಲಿಯೇ ಉದುರಿ ಹೋಗಿತ್ತು, ಗ್ಯಾಸ್ ಸೇರಿ 13,500. ಹೆಗ್ಗಣ ವಯರ್ ಕಡ್ದು 4,000, ಆಮೇಲಿಂದ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿಟ್ಟಿದ್ದೇನೆ, ಎಸಿ ಹಾಕಿದ್ರೆ ಅಜ್ಜನ ಎಲೆ ಅಡಿಕೆ ಪೆಟ್ಟಿಗೆಯ ವಾಸನೆ. ಪೆಟ್ರೋಲ್ ಬಿಟ್ಟು 44,000 ಆಯ್ತು. ಟಯರ್ ಬದಲ್ಸಿದ ವರ್ಷ ಇನ್ನೂ 31,000 ಸೇರ್ಸಿ.

ಬಿಜೈ ತಮ್ಮ, ಎರಡು ಲಕ್ಷ ಗಾಡಿ ಮನೆಗೆ ತರುವ ರೇಟು ಮಾತ್ರ. ಇಪ್ಪತ್ತು ಲಕ್ಷದ ಗಾಡಿ ಎರಡು ಲಕ್ಷಕ್ಕೆ ಇಳಿದ್ರೂ ಅದ್ರ ಹೆಡ್‌ಲೈಟ್ ಇಪ್ಪತ್ತು ಲಕ್ಷದ ಗಾಡಿಯ ಹೆಡ್‌ಲೈಟೇ.

ಮಣಿಪಾಲ ಮೇಷ್ಟ್ರು:
ಪೆಟ್ರೋಲಲ್ಲಿ ಈಗ 20 ಶೇಕಡಾ ಎಥೆನಾಲ್ ಸೇರಿದೆ, ಇ20 ಅಂತ ಹೇಳುದು ಅದಕ್ಕೇ, ಅದನ್ನೂ ಲೆಕ್ಕಕ್ಕೆ ಹಿಡೀರಿ. 2021ರ ನೀತಿ ಆಯೋಗದ ವರದಿಯಲ್ಲೇ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ಗಾಡಿಗಳಿಗೆ ಮೈಲೇಜ್ 6ರಿಂದ 7 ಶೇಕಡಾ ಇಳೀತದೆ ಅಂತ ಉಂಟು. ಹಳೇ ರಬ್ಬರ್ ಹೋಸುಗಳನ್ನು ವರ್ಷಕ್ಕೊಮ್ಮೆ ಮೂಸಿ ನೋಡುದು ಒಳ್ಳೇದು.

ಉಳ್ಳಾಲ ಉಪ್ಪುಗಾಳಿ:
ಯಾರೂ ಏರ್‌ಬ್ಯಾಗ್ ಬಗ್ಗೆ ಹೇಳ್ಲಿಲ್ಲ. ಏರ್‌ಬ್ಯಾಗ್ ಉಬ್ಬಿಸುವ ಟಕಾಟಾ ಕಂಪೆನಿಯ ಇನ್‌ಫ್ಲೇಟರ್ ಇದ್ದ ಗಾಡಿಗಳನ್ನು ಜಗತ್ತಿಡೀ ವಾಪಸ್ ಕರೆಸಿದ್ರಲ್ಲ, ಅದೇ ಕಾರಣಕ್ಕೆ ಆ ಕಂಪೆನಿ 2017ರಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಇನ್‌ಫ್ಲೇಟರ್ ಒಳಗೆ ಇರುದು ಅಮೋನಿಯಂ ನೈಟ್ರೇಟ್, ಸೆಕೆ ಮತ್ತು ತೇವ ವರ್ಷಗಟ್ಟಲೆ ತಾಗಿದ್ರೆ ಅದು ಕೆಡ್ತದೆ, ಮತ್ತೆ ಒಡೆಯುವಾಗ ಲೋಹದ ಚೂರು ಮುಖಕ್ಕೆ. ಸೆಕೆ, ತೇವ ಅಂದ್ರೆ ನಮ್ಮೂರೇ ಅಲ್ವಾ. 2000ದಿಂದ ಮುಂದಿನ ಜಪಾನ್ ಗಾಡಿ ಇದ್ದವ್ರು ಯಾವ ಕಂಪೆನಿಯದ್ದೇ ಆಗ್ಲಿ ಚಾಸಿ ನಂಬ್ರ ಹಾಕಿ ರಿಕಾಲ್ ಉಂಟಾ ನೋಡಿ, ಇದ್ರೆ ಬಿಟ್ಟಿ ಮಾಡಿ ಕೊಡ್ತಾರೆ.

ಸವಾರರೆ, ನೀವು ಇಂಜಿನ್ ಹೇಳಿದ್ರಿ, ಗೇರ್ ಹೇಳಿದ್ರಿ, ಡ್ಯಾಶ್‌ಬೋರ್ಡ್ ಸಹ ಹೇಳಿದ್ರಿ. ಅಡಿ ನೋಡಿದ್ರಾ?

ಸುರತ್ಕಲ್ ಸವಾರ:
ಅಡಿ ಅಂದ್ರೆ?

ಉಳ್ಳಾಲ ಉಪ್ಪುಗಾಳಿ:
ಗಾಡಿಯ ಅಡಿ. ನಿಮ್ಮ ಮನೆ ಸುರತ್ಕಲ್, ಕಡಲು ಎಷ್ಟು ದೂರ? ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಮಳೆ, ಉಳಿದ ದಿನ ಉಪ್ಪು ಗಾಳಿ. ಇಂಜಿನ್ ಶಾರ್ಜಾದಿಂದ ಬರ್ತದೆ, ಗೇರ್‌ಬಾಕ್ಸ್ ಪುದುಪೇಟೆಯಿಂದ ಬರ್ತದೆ. ಬಾಡಿ ಎಲ್ಲಿಂದ ತರ್ತೀರಿ? ನನ್ನ ಹತ್ರ ಇದ್ದ ಹಳೇ ಸೆಡಾನು ಇಂಜಿನ್ ಗಡಿಯಾರದ ಹಾಗೆ ಓಡ್ತಿತ್ತು, ಅಡಿಯಲ್ಲಿ ಹಿಂದಿನ ಅಡ್ಡ ತೊಲೆ, ಕ್ರಾಸ್ ಮೆಂಬರ್ ಅಂತಾರಲ್ಲ, ಅದ್ರಲ್ಲಿ ಬೆರಳು ತೂರುವಷ್ಟು ತೂತು, ವೆಲ್ಡಿಂಗ್ ಹಿಡೀಲಿಕ್ಕೆ ಗಟ್ಟಿ ತಗಡೇ ಇರ್ಲಿಲ್ಲ. ಕಿಲೋ ಲೆಕ್ಕದಲ್ಲಿ ಹೋಯ್ತು. 40,000 ಕಟ್ಟುವ ಮೊದ್ಲು ಒಮ್ಮೆ ಪಿಟ್ಟಿಗೆ ಹತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಟಣ್ ಅಂದ್ರೆ ಒಳ್ಳೇದು, ಡಬ್ ಅಂದ್ರೆ ಆ 1.4 ಲಕ್ಷ ತಗೊಂಡು ಮಾತಾಡದೆ ಬನ್ನಿ.

ಕಾಪು ಲೈಟ್‌ಹೌಸ್:
ಸರಿಯಾದ ಮಾತು. ನಾನು ಫೀಸ್ ಲೆಕ್ಕದಲ್ಲೇ ಇದ್ದೆ. 40,000 ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 8,000, ಅದು ದೊಡ್ಡದಲ್ಲ. ಆದ್ರೆ 2025 ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಇಂಪೋರ್ಟೆಡ್ ಕಾರಿಗೆ 80,000 ಮಾಡಿದ್ದಾರೆ. ಈಗಿನ ನಿಯಮ ಹೀಗೇ ಇದ್ರೆ 2031ರಲ್ಲಿ ನಿಮ್ಗೆ ಅದು ಬರ್ತದೆ. ಹಾಗಾಗಿ ಗಾಡಿ ಇನ್ನೈದು ವರ್ಷ ತಡೀತದಾ ಅಂತ ಮಾತ್ರ ಕೇಳ್ಕೊಳ್ಳಿ, ಹತ್ತು ವರ್ಷದ ಕನಸು ಬೇಡ.

ಸುರತ್ಕಲ್ ಸವಾರ:
ಆದಿತ್ಯವಾರ ಹಳೆಯಂಗಡಿ ಹತ್ರ ಪರಿಚಯದ ಮೇಸ್ತ್ರಿಯವ್ರ ಪಿಟ್ಟಿಗೆ ಹತ್ತಿಸಿದೆ. ಹೇಳ್ತೇನೆ ಕೇಳಿ.

ಎಂಟು ವರ್ಷ ಈ ಗಾಡಿ ನನ್ನ ಹತ್ರ, ಅಡಿ ಒಂದು ಸಲ ಸಹ ನೋಡಿದವ ಅಲ್ಲ ನಾನು. ಮುಂದಿನ ಸಬ್‌ಫ್ರೇಮ್ ಕುಟ್ಟಿದ್ರು, ಟಣ್. ಉದ್ದಕ್ಕೆ ಹೋದ ಎರಡೂ ಮೆಂಬರು, ಟಣ್ ಟಣ್. ಸೈಲೆನ್ಸರಿನ ಫ್ಲಾಂಜ್ ಮುಟ್ಟಿದಕೂಡ್ಲೇ ಹಪ್ಪಳದ ಹಾಗೆ ಪದರ ಪದರ ಬಿತ್ತು, ಅದು ಬಿಡಿ ಎಂದ್ರು. ಹಿಂದಿನ ಎಡ ಚಕ್ರದ ಮೇಲೆ, ಪ್ಲಾಸ್ಟಿಕ್ ಲೈನರ್ ತೆಗ್ದ್ರು, ಒಳಗಿಂದ ಒಂದು ಬುಟ್ಟಿ ಕೆಂಪು ಮಣ್ಣು, ಕೊಳೆತ ಹಲಸಿನೆಲೆ, ಅದ್ರಲ್ಲಿ ಒಂದು ಎರೆಹುಳ ಜೀವಂತ. ನೀರು ಹೋಗುವ ತೂತು ಅದೇ ಎಲೆಯಲ್ಲಿ ಕಟ್ಟಿತ್ತು. ಅಲ್ಲಿ ಕುಟ್ಟಿದಾಗ ಶಬ್ದವೇ ಬರ್ಲಿಲ್ಲ, ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಯ್ತು. ನನ್ನ ಹೊಟ್ಟೆಯೊಳಗೆ ಹೋದ ಹಾಗೆ ಆಯ್ತು.

ಮೇಸ್ತ್ರಿ ಟಾರ್ಚ್ ಹಿಡ್ದು ತುಂಬ ಹೊತ್ತು ನೋಡಿದ್ರು, ಮಾತಿಲ್ಲ. ನಾನು ಮನಸ್ಸಲ್ಲೇ ವ್ಯಾಪಾರದವ್ರಿಗೆ ಫೋನ್ ಮಾಡಿಯಾಗಿತ್ತು. ಮತ್ತೆ ಹೇಳಿದ್ದು, ಇದು ಹೊರಗಿನ ತಗಡು, ಸಸ್ಪೆನ್ಷನ್ ಹಿಡ್ಕೊಳ್ಳುವ ಜಾಗ ಗಟ್ಟಿ ಉಂಟು, ಅಂಗೈಯಷ್ಟು ಕತ್ತರಿಸಿ ಹೊಸ ತಗಡು ಬೆಸೆದ್ರೆ ಆಗ್ತದೆ ಅಂತ. ಬ್ರೇಕ್ ಪೈಪ್ ಹಿಂದಿನ ಎರಡು ತುಂಡು ಬದಲ್ಸ್ಬೇಕು, ಅದು ಮಾತ್ರ ಇವತ್ತೇ ಅಂದ್ರು. ವೆಲ್ಡಿಂಗು, ಪೈಪು, ಅಡಿಗೆ ಪೂರ್ತಿ ಕೋಟಿಂಗ್ ಸೇರಿ 16,000. ಪಿಸಿವಿ ವಾಲ್ವ್ ಸಹ ತೆಗ್ದು ಅಲ್ಲಾಡಿಸಿದೆ, ಟಿಕಟಿಕ ಇಲ್ಲ, ಬೋಲ್ಟಣ್ಣನಿಗೆ ಒಂದು ನೀರುದೋಸೆ ಕೋಳಿಸುಕ್ಕ ಬಾಕಿ. ರೇಡಿಯೇಟರ್ ಆರ್ಡರ್ ಹಾಕಿದೆ.

ಬೈಕಂಪಾಡಿ ಬೋಲ್ಟು:
ಆಯಿಲ್ ಕುಡಿಯುದು ನಿಂತ ಮೇಲೆ ಕೊಡಿ. ಪೂರ್ತಿ ನಿಲ್ಲುದಿಲ್ಲ, ಕಡಿಮೆ ಆಗ್ಬಹುದು. ಕೋಟಿಂಗ್ ಮಾಡುವ ಮೊದ್ಲು ಅಡಿ ತೊಳೆದು ಎರಡು ದಿನ ಒಣಗಿಸ್ಲಿಕ್ಕೆ ಹೇಳಿ, ಒದ್ದೆ ಮೇಲೆ ಬಳಿದ್ರೆ ತುಕ್ಕು ಒಳಗೆ ಬೆಚ್ಚಗೆ ಕೂತು ತಿನ್ತದೆ.

ಬಿಜೈ ಬಾಯ್:
ಹಾಗಾದ್ರೆ ಇಟ್ಕೊಳ್ತೀರಾ?

ಸುರತ್ಕಲ್ ಸವಾರ:
ಕಟ್ಟಿಯಾಯ್ತು ತಮ್ಮ, 40,000. ಹೆಂಡ್ತಿಯ ಹತ್ರ 5,000 ಅಂತ ಹೇಳಿದ್ದೇನೆ, ಅವ್ಳು ನಂಬ್ಲಿಲ್ಲ. ಎಚ್‌ಎಸ್‌ಆರ್‌ಪಿ ಪ್ಲೇಟ್ ಮೊದ್ಲೇ ಹಾಕಿಸಿದ್ದೆ. ಇನ್ನು ಫಿಟ್‌ನೆಸ್ ತೋರಿಸ್ಲಿಕ್ಕೆ ಮೂರು ವಾರ ಉಂಟು, ಬಾಕಿ ಇರುದು ಆ ಎಡ ಹೆಡ್‌ಲೈಟ್ ಒಂದೇ. ಯಾರಾದ್ರೂ ಬ್ಯಾಂಕಾಕಿಂದ ಬರುವವ್ರು ಇದ್ದೀರಾ?

ದೇರಳಕಟ್ಟೆ ಟು ದೇರಾ:
ನನ್ನ ಭಾವ ದುಬೈಯಿಂದ ಬರ್ತಾನೆ 22ಕ್ಕೆ. ಹೆಡ್‌ಲೈಟ್ ಆಗುದಿಲ್ಲ, ಮೌಂಟ್ ಆದ್ರೆ ಹೇಳಿ, ಐದು ಕೆಜಿ ಜಾಗ ಉಂಟು. ಉಳಿದದ್ದು ಮಕ್ಕಳ ಚಾಕಲೇಟಿಗೆ ಆಗ್ಲೇ ಬುಕ್ ಆಗಿದೆ.